ಡ್ಯೂಸೆಲ್‌ಡಾರ್ಫ್‌ನಲ್ಲಿ ಅಸಲಿ ಜಪಾನಿ ಊಟ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕೆಲಸದ ಮೇಲೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ಗೆ ಬಂದು ನೆಲೆಸಿದ್ದೇವೆ. ಎಲ್ಲಿ ನೋಡಿದರೂ ಸುಶಿ ಬೋರ್ಡು. ಜಪಾನಿನವರೇ ಹೋಗಿ ಉಣ್ಣುವ ಜಾಗವನ್ನು ಗುರುತಿಸುವುದು ಹೇಗೆ?
— ಎಚ್.ಕೆ., ಡ್ಯೂಸೆಲ್‌ಡಾರ್ಫ್

ನೀವಿರುವ ಊರೇ ಈ ವಿಷಯದಲ್ಲಿ ಯುರೋಪಿನ ಅತ್ಯುತ್ತಮ ಊರುಗಳಲ್ಲೊಂದು. 1950ರ ದಶಕದಿಂದಲೇ ರೂರ್ ಪ್ರದೇಶದ ಉಕ್ಕು, ಯಂತ್ರೋಪಕರಣಗಳ ವ್ಯಾಪಾರಕ್ಕೆಂದು ಜಪಾನಿ ಕಂಪನಿಗಳು ಇಲ್ಲಿ ಕಚೇರಿ ತೆರೆದವು. ನೌಕರರ ಸಂಸಾರಗಳೂ ಬಂದವು. 1971ರಲ್ಲಿ ಮಕ್ಕಳಿಗಾಗಿ ಜಪಾನಿ ಶಾಲೆ ಶುರುವಾಯಿತು. ರೈಲು ನಿಲ್ದಾಣದ ಎದುರಿನಿಂದ ಹೊರಡುವ ಇಮರ್‌ಮಾನ್ ಸ್ಟ್ರಾಸೆ, ಅದರ ಆಸುಪಾಸಿನ ಕ್ಲೋಸ್ಟರ್ ಸ್ಟ್ರಾಸೆ, ಓಸ್ಟ್ ಸ್ಟ್ರಾಸೆ, ಮಾರಿಯೆನ್ ಸ್ಟ್ರಾಸೆಗಳಲ್ಲಿ ಮೊದಲು ಹುಡುಕಿ. ಜಪಾನಿ ಗಿರಾಕಿಗಳನ್ನೇ ನಂಬಿ ಬೆಳೆದ ಬೀದಿಗಳಿವು.

ಒಳಗೆ ಹೋಗುವ ಮುಂಚೆ ಮೆನು ಓದಿ. ಜಪಾನಿನಲ್ಲಿ ಹೋಟೆಲುಗಳು ಬಹುಪಾಲು ಒಂದೊಂದು ಕಸುಬಿನವು: ರಾಮೆನ್ (ಸೂಪಿನಲ್ಲಿ ಬಡಿಸುವ ನೂಡಲ್ಸ್) ಮಾಡುವವರು ರಾಮೆನ್ ಮಾಡುತ್ತಾರೆ, ಸೋಬಾದವರು (ಬಕ್‌ವೀಟ್ ನೂಡಲ್ಸಿನವರು) ಸೋಬಾ. ಸುಶಿ, ಥಾಯ್ ಕರಿ, ವಿಯೆಟ್ನಾಮಿನ ಫೋ ಮೂರೂ ಒಂದೇ ಹಾಳೆಯಲ್ಲಿದ್ದರೆ ಊಟ ಚೆನ್ನಾಗಿರಬಹುದು, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ಮಧ್ಯಾಹ್ನದ ಹೊತ್ತು ತೇಶೊಕು, ಅಂದರೆ ಅನ್ನ, ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪು, ಒಂದು ಮುಖ್ಯ ಪದಾರ್ಥ, ಉಪ್ಪಿನಕಾಯಿ ಸೇರಿದ ತಟ್ಟೆಯೂಟ ಇದ್ದರೆ ಒಳ್ಳೆಯ ಸೂಚನೆ. ಆಫೀಸಿನವರು ದಿನಾ ಉಣ್ಣುವುದು ಅದನ್ನೇ.

ಸುಶಿಯಲ್ಲಿ ಮೀನಿಗಿಂತ ಮೊದಲು ಅನ್ನವನ್ನು ಪರೀಕ್ಷಿಸಿ. ಅದು ನಮ್ಮ ಮೈಯಷ್ಟೇ ಬೆಚ್ಚಗಿರಬೇಕು, ಅಗುಳು ಅಂಟಿಕೊಂಡಿದ್ದರೂ ಬಾಯಲ್ಲಿ ಬಿಡಿಬಿಡಿಯಾಗಬೇಕು. ಅನ್ನ ತಣ್ಣಗೆ, ಗಟ್ಟಿಯಾಗಿದ್ದರೆ ಫ್ರಿಜ್‌ನಿಂದ ಬಂದದ್ದು. ಫ್ರಿಜ್ಜಿನ ತಂಪಿಗೆ ಪಿಷ್ಟ ಬಿಗಿದುಕೊಳ್ಳುತ್ತದೆ, ಆಮೇಲೆ ಎಂಥ ಮೀನಿಟ್ಟರೂ ಅದು ಸುಧಾರಿಸದು. ರಾಮೆನ್‌ಗೆ ತಕುಮಿ, ನಾನಿವಾ ಹೆಸರಾದವು. ಸಂಜೆ 7ರ ಹೊತ್ತಿಗೆ ಸರದಿ ಇರುತ್ತದೆ, ಬಾಗಿಲು ತೆರೆಯುವಾಗಲೇ ಹೋಗುವುದು ಮೇಲು.

ನಾವು ಸಸ್ಯಾಹಾರಿಗಳು. "ವೆಜಿಟೇರಿಯನ್" ಎಂದು ಹೇಳಿಯೇ ತರಿಸಿಕೊಂಡ ಸೂಪಿನಲ್ಲಿ ಮೀನಿನ ವಾಸನೆ ಬರುತ್ತಿತ್ತು. ಏನೆಂದು ಕೇಳಬೇಕು?
— ಎಸ್.ಆರ್., ಕಲೋನ್

ನಿಮ್ಮ ಅನುಮಾನ ಸರಿ. ನಮ್ಮ ಸಾರಿಗೆ ಬೇಳೆಕಟ್ಟು ಇದ್ದಂತೆ ಜಪಾನಿ ಅಡುಗೆಗೆ ದಾಶಿ. ಸಾಮಾನ್ಯವಾಗಿ ಅದನ್ನು ತಯಾರಿಸುವುದು ಕೊಂಬು ಎಂಬ ಕಡಲಪಾಚಿ ಮತ್ತು ಕಾತ್ಸುವೊಬುಶಿಯಿಂದ. ಎರಡನೆಯದು ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಬೊನಿಟೊ ಮೀನು. ಮೀನಿನ ತುಂಡು ಕಣ್ಣಿಗೆ ಬೀಳದ್ದರಿಂದ ಬಡಿಸುವವರಿಗೂ ಅದು ಮಾಂಸಾಹಾರ ಎನಿಸುವುದಿಲ್ಲ.

ದಾಶಿ ಅಡಗಿರುವ ಜಾಗಗಳು ಹಲವು: ಮಿಸೊ ಸೂಪು, ಉದೊನ್ (ದಪ್ಪ ಗೋಧಿ ನೂಡಲ್ಸ್) ಮತ್ತು ಸೋಬಾದ ರಸ, ಅಗೆದಾಶಿ ತೋಫುವಿನ ಮೇಲೆ ಸುರಿಯುವ ರಸ, ಟೆಂಪುರಾ ಎಂಬ ಬಜ್ಜಿ ಅದ್ದಿಕೊಳ್ಳುವ ಬಟ್ಟಲು, ಇನಾರಿ ಸುಶಿಯ ತೋಫು ಚೀಲ. ನಾತ್ತೊ ಬರೀ ಹುದುಗಿಸಿದ ಸೋಯಾ ಕಾಳು, ಅದರ ಜೊತೆಗಿನ ಪುಟ್ಟ ಸಾಸ್ ಪೊಟ್ಟಣದಲ್ಲಿ ಮಾತ್ರ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ. ಪೊಟ್ಟಣ ಬಿಟ್ಟು ಸೋಯಾ ಸಾಸ್ ಹಾಕಿಕೊಳ್ಳಿ. ತಣ್ಣನೆಯ ತೋಫು, ಹಿಯಾಯಾಕ್ಕೊ, ತರಿಸುವಾಗ ಮೇಲೆ ಉದುರಿಸುವ ಮೀನಿನ ಹೆರಕಲು ಬೇಡವೆಂದು ಮೊದಲೇ ಹೇಳಿ.

"ವೆಜಿಟೇರಿಯನ್" ಎಂಬ ಒಂದು ಪದವನ್ನು ನೆಚ್ಚಿಕೊಳ್ಳಬೇಡಿ. ಜರ್ಮನ್‌ನಲ್ಲಿ "ಓನೆ ಫಿಶ್‌ಬ್ರೂಎ, ಓನೆ ಬೊನಿಟೊ" ಎನ್ನಿ, ಮೀನಿನ ಕಟ್ಟು ಬೇಡ, ಬೊನಿಟೊ ಬೇಡ ಎಂದು. ಜಪಾನಿಯವರಿದ್ದರೆ "ಕಾತ್ಸುವೊ ದಾಶಿ ಹೈತ್ತೆ ಇಮಾಸ್ ಕಾ?" (ಬೊನಿಟೊ ದಾಶಿ ಹಾಕಿದ್ದೀರಾ?) ಎಂದು ಕೇಳಿ, ನೇರ ಉತ್ತರ ಸಿಗುತ್ತದೆ.

ಇದಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದಿದೆ. ಐರೋಪ್ಯ ಒಕ್ಕೂಟದ ಕಾಯಿದೆ ಪ್ರಕಾರ 14 ಬಗೆಯ ಅಲರ್ಜಿಕಾರಕಗಳನ್ನು ಹೋಟೆಲಿನವರು ತಿಳಿಸಲೇಬೇಕು, ಮೀನು ಅದರಲ್ಲೊಂದು. ಮೆನುವಿನಲ್ಲಿ ಪ್ರತಿ ತಿಂಡಿಯ ಪಕ್ಕ ಸಣ್ಣ ಅಕ್ಷರಗಳಿರುತ್ತವೆ, ಇಲ್ಲದಿದ್ದರೆ "ಅಲರ್ಗೇನ್‌ಕಾರ್ಟೆ", ಅಂದರೆ ಅಲರ್ಜಿ ಪಟ್ಟಿ, ಕೇಳಿ. ಯಾವ ಅಕ್ಷರ ಮೀನಿಗೆ ಎಂಬುದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಕೊನೆಯ ಪುಟದ ವಿವರಣೆ ನೋಡಿ. ಒಂದು ಎಚ್ಚರಿಕೆ: ಹಂದಿ, ಕೋಳಿ ಈ 14ರಲ್ಲಿ ಇಲ್ಲ. ಹಾಗಾಗಿ ರಾಮೆನ್ ಪಕ್ಕದಲ್ಲಿ ಮೀನಿನ ಅಕ್ಷರ ಇಲ್ಲವೆಂದ ಮಾತ್ರಕ್ಕೆ ಅದು ಸಸ್ಯಾಹಾರವಲ್ಲ. ರಾಮೆನ್‌ನಲ್ಲಿ ಮೂರು ವಿಷಯ ಕೇಳಬೇಕು: ಸೂಪು ಯಾವುದರದ್ದು, ಬಟ್ಟಲಿನ ತಳಕ್ಕೆ ಮೊದಲು ಹಾಕುವ ತಾರೆ ಎಂಬ ಗಟ್ಟಿ ಸಾಸಿನಲ್ಲಿ ಮೀನು ಇದೆಯೇ, ನೂಡಲ್ಸಿನಲ್ಲಿ ಮೊಟ್ಟೆ ಇದೆಯೇ. ತಾರೆಯನ್ನು ಕೇಳಲು ಬಹಳ ಜನ ಮರೆಯುತ್ತಾರೆ.

ಮನೆಯಲ್ಲಿ ದಾಶಿ ಮಾಡಿದರೆ ಸಪ್ಪೆ, ಮೇಲಾಗಿ ಲೋಳೆ. ಒಳ್ಳೆಯ ಕೊಂಬು ತಂದಿದ್ದೇವೆ. ತಪ್ಪೆಲ್ಲಿ?
— ವಿ.ಎನ್., ನಾಯ್ಸ್

ತಪ್ಪು ಬಹುಶಃ ಎರಡು ಕಡೆ. ಮೊದಲನೆಯದು ನೀರು. ನಿಮ್ಮ ಕಡೆಯ ನಲ್ಲಿ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಪೊರೆ ಕಟ್ಟಿರುವುದನ್ನು ನೀವೂ ನೋಡಿರುತ್ತೀರಿ. ಆ ಸುಣ್ಣದಂಶ ಇರುವಾಗ ಕೊಂಬು ರುಚಿ ಸರಿಯಾಗಿ ಬಿಡುವುದಿಲ್ಲ. ಜಪಾನಿನ ನೀರು ಮೆದು. ದಾಶಿಗೆ ವೋಲ್ವಿಕ್‌ನಂಥ ಮೆದು ಬಾಟಲಿ ನೀರು ಬಳಸಿ. ಎರಡನೆಯದು ಉರಿ. ಕೊಂಬು ಕುದಿದರೆ ಲೋಳೆಯೂ ಕಡಲ ವಾಸನೆಯೂ ಬರುತ್ತದೆ.

1 ಲೀಟರ್ ನೀರಿಗೆ 10 ಗ್ರಾಂ ಕೊಂಬು. ಮೇಲಿನ ಬಿಳಿ ಪುಡಿಯನ್ನು ತೊಳೆಯಬೇಡಿ, ಮಣ್ಣಿದ್ದರೆ ಒರೆಸಿದರೆ ಸಾಕು. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಕೊಂಬು ತೆಗೆದುಬಿಡಿ. ಮೀನು ತಿನ್ನುವವರು ನೀರನ್ನು ಒಂದು ಕುದಿ ಬರಿಸಿ, ಉರಿ ಆರಿಸಿ, 20 ಗ್ರಾಂ ಕಾತ್ಸುವೊಬುಶಿ ಹಾಕಿ, 2 ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿ. ಹಿಂಡಬಾರದು, ಹಿಂಡಿದರೆ ಒಗರು.

ಅಂದಹಾಗೆ ಕಾತ್ಸುವೊಬುಶಿ ಪೊಟ್ಟಣದ ಮೇಲೆ ಸ್ಪೇನ್ ಅಥವಾ ಫ್ರಾನ್ಸ್ ಎಂದಿದ್ದರೆ ನಕಲಿ ಎಂದುಕೊಳ್ಳಬೇಡಿ. ಹೊಗೆಯಿಂದ ಸೇರುವ ಬೆಂಝೊಪೈರೀನ್ ಎಂಬ ಕ್ಯಾನ್ಸರ್‌ಕಾರಕಕ್ಕೆ ಯುರೋಪಿನಲ್ಲಿ ಬಿಗಿ ಮಿತಿ ಇದೆ. ಆ ಕಾರಣಕ್ಕೆ ಜಪಾನಿ ತಯಾರಕರೇ ಫ್ರಾನ್ಸಿನ ಕಾಂಕಾರ್ನೊದಲ್ಲಿ, ಸ್ಪೇನಿನಲ್ಲಿ ತಯಾರಿಕೆ ಶುರುಮಾಡಿದರು.

ಸಸ್ಯಾಹಾರಿಗಳಿಗೆ ಇನ್ನೂ ಸುಲಭ: 1 ಲೀಟರ್ ನೀರು, 10 ಗ್ರಾಂ ಕೊಂಬು, 15 ಗ್ರಾಂ ಒಣ ಶೀತಾಕೆ ಅಣಬೆ, ರಾತ್ರಿಯಿಡೀ ಫ್ರಿಜ್‌ನಲ್ಲಿ. ಬಿಸಿನೀರಿನಲ್ಲಿ ಬೇಗ ನೆನೆಸಲು ಹೋದರೆ ಕಹಿಯಾಗುತ್ತದೆ. ಬೆಳಿಗ್ಗೆ ನಿಧಾನ ಕಾಯಿಸಿ ಸೋಸಿ. ಕೊಂಬುವಿನ ಗ್ಲುಟಮೇಟ್, ಅಣಬೆಯ ಗ್ವಾನಿಲೇಟ್ ಎಂಬ ಎರಡೂ ರುಚಿಯಂಶಗಳು ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ. ಮಿಸೊವನ್ನು ಉರಿ ಆರಿಸಿದ ಮೇಲೆ ಕದಡಿ, 200 ಮಿಲಿಗೆ ಒಂದು ದೊಡ್ಡ ಚಮಚ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ, ಕೊಂಬುವಿನಲ್ಲಿ ಅಯೋಡಿನ್ ವಿಪರೀತ.

ಸೋನಾ ಮಸೂರಿಯಲ್ಲಿ ಸುಶಿ ಅನ್ನ ಮಾಡಬಹುದೇ?
— ಎಂ.ಪಿ., ಎಸ್ಸೆನ್

ಆಗದು. ಅದು ಉದುರುದುರಾಗುವ ಅಕ್ಕಿ, ಉಂಡೆ ನಿಲ್ಲುವುದಿಲ್ಲ. ಗಿಡ್ಡ ಕಾಳಿನ ಜಪಾನಿ ತಳಿಯೇ ಬೇಕು. ಇಟಲಿಯಲ್ಲಿ ಬೆಳೆದದ್ದೂ ಚೆನ್ನಾಗಿಯೇ ಇರುತ್ತದೆ, ಬೆಲೆಯೂ ಕಡಿಮೆ. ಏನೂ ಸಿಗದಿದ್ದರೆ ಪಾಯಸಕ್ಕೆಂದು ಮಾರುವ "ಮಿಲ್ಶ್‌ರೈಸ್" ಬಳಸಬಹುದು, ಆದರೆ ನೀರು ತುಸು ಕಡಿಮೆ ಮಾಡಿ.

300 ಗ್ರಾಂ ಅಕ್ಕಿಯನ್ನು ಮೂರು ನಾಲ್ಕು ಸಲ ತೊಳೆದು ಬಸಿದು, 360 ಮಿಲಿ ನೀರಲ್ಲಿ ಅರ್ಧ ಗಂಟೆ ನೆನೆಸಿ. ನೆನೆಸದಿದ್ದರೆ ಅಗುಳಿನ ನಡುವೆ ಗಟ್ಟಿ ಉಳಿಯುತ್ತದೆ. ಕುದಿ ಬಂದ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 12 ನಿಮಿಷ, ಆರಿಸಿ ಇನ್ನೂ 10 ನಿಮಿಷ. ನಡುವೆ ಮುಚ್ಚಳ ತೆಗೆಯಬೇಡಿ. 45 ಮಿಲಿ ಅಕ್ಕಿ ವಿನಿಗರ್, 20 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು ಕರಗಿಸಿ, ಬಿಸಿ ಅನ್ನಕ್ಕೇ ಸುರಿದು ಸೌಟಿನ ಅಂಚಿನಿಂದ ಕೊಯ್ಯುವಂತೆ ಬೆರೆಸಿ. ಅನ್ನ ಆರಿದ ಮೇಲೆ ಸುರಿದರೆ ಒಳಗೆ ಹೀರುವುದಿಲ್ಲ, ಹೊರಗೆ ಕೆಸರಾಗುತ್ತದೆ. ಜಪಾನಿನಿಂದ ರೈಸ್ ಕುಕ್ಕರ್ ತರಿಸುವ ಯೋಚನೆಯಿದ್ದರೆ ವೋಲ್ಟೇಜ್ ನೋಡಿ, ಅಲ್ಲಿನದು 100, ಇಲ್ಲಿನದು 230.

ಸೂಪರ್‌ಮಾರ್ಕೆಟ್ಟಿನ ಸಾಲ್ಮನ್ ಹಸಿಯಾಗಿ ತಿನ್ನಬಹುದೇ? "ಸುಶಿ ಕ್ವಾಲಿಟಿ" ಎಂದಿರುತ್ತದೆ.
— ಡಿ.ಜಿ., ಡ್ಯೂಸೆಲ್‌ಡಾರ್ಫ್

ಆ ಪದಕ್ಕೆ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ. ಹಸಿ ತಿನ್ನಲು ಮಾರುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ 24 ಗಂಟೆ ಇಟ್ಟಿರಬೇಕು ಎಂಬುದು ಐರೋಪ್ಯ ನಿಯಮ, ಹುಳದ ಮರಿಗಳು ಸಾಯಲೆಂದು. ಹುಳ ಬರದಂಥ ಆಹಾರ ಕೊಟ್ಟು ಸಾಕಿದ ಮೀನಿಗೆ ವಿನಾಯಿತಿ ಉಂಟು. ಹಾಗಾಗಿ ಕೇಳಬೇಕಾದ್ದು ಇಷ್ಟೇ: ಇದು ಹಸಿ ತಿನ್ನಲು ಮಾರುವುದೇ, ಫ್ರೀಜ್ ಮಾಡಿದ್ದಾರೆಯೇ? ಖಚಿತ ಉತ್ತರ ಬರದಿದ್ದರೆ ಬೇಯಿಸಿ ತಿನ್ನಿ. ಕಾಡು ಸಾಲ್ಮನ್ ಆದರಂತೂ ಫ್ರೀಜ್ ಮಾಡದೆ ಹಸಿ ತಿನ್ನಲೇಬೇಡಿ. ಫ್ರೀಜ್ ಮಾಡಿದರೆ ಹುಳ ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕರಗಿಸಿದ ದಿನವೇ ತಿಂದು ಮುಗಿಸಿ.

ಡ್ಯೂಸೆಲ್‌ಡಾರ್ಫ್‌ನ ಜಪಾನ್-ಟಾಗ್ (ಜಪಾನ್ ದಿನ) ಉತ್ಸವಕ್ಕೆ ಬಂದು ಒಳ್ಳೆಯ ಹೋಟೆಲಿನಲ್ಲಿ ಉಂಡು ಹೋಗೋಣವೆಂದಿದ್ದೇವೆ. ಸರಿಯೇ?
— ಆರ್.ಬಿ., ಐಂಡ್‌ಹೋವನ್

ಉತ್ಸವಕ್ಕೆ ಖಂಡಿತ ಬನ್ನಿ, 2002ರಿಂದ ನಡೆಯುತ್ತಿದೆ, ರೈನ್ ದಡದ ಸಿಡಿಮದ್ದು ನೋಡಲೇಬೇಕಾದ್ದು. ಊಟಕ್ಕೆ ಮಾತ್ರ ಆ ದಿನ ಬೇಡ. ಲಕ್ಷಾಂತರ ಜನ ಸೇರುತ್ತಾರೆ, ಹೋಟೆಲುಗಳ ಮುಂದೆ ಸರದಿ ಬೀದಿಯುದ್ದ. ಯಾವುದಾದರೂ ಮಂಗಳವಾರವೋ ಬುಧವಾರವೋ ಮಧ್ಯಾಹ್ನ 12ಕ್ಕೆ ಮುಂಚೆ ಬಂದು ತೇಶೊಕು ಉಂಡು, ಇಮರ್‌ಮಾನ್ ಸ್ಟ್ರಾಸೆಯ ಶೋಚಿಕು ಅಂಗಡಿಯಲ್ಲಿ ಕೊಂಬು, ಮಿಸೊ, ಅಕ್ಕಿ ಕೊಂಡುಕೊಂಡು ಹೋಗಿ. ಭಾನುವಾರ ಜರ್ಮನಿಯಲ್ಲಿ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಅದು ನೆನಪಿರಲಿ.