ತಾಜಮಹಲಿನ ಹೂವು ಬಣ್ಣದ್ದೋ, ಕಲ್ಲಿಂದೋ?

ಪ್ರಶ್ನೆ: ದೀಪಾವಳಿ ಸೂಟ್ಯಾಗ ಆಗ್ರಾಕ್ಕ ಹೋಗಿದ್ವಿ. ತಾಜಮಹಲಿನ ಒಳಗ ಗೋರಿ ಮ್ಯಾಲಿನ ಹೂಬಳ್ಳಿ ನೋಡಿ ನಮ್ಮ ಮನಿಯವ್ರು ಪೇಂಟಿಂಗ್ ಅಂದ್ರು, ನಾ ಅಲ್ಲ ಕಲ್ಲು ಅಂದೆ, ಜಗಳ ಇನ್ನೂ ಮುಗಿದಿಲ್ಲ. ಅಲ್ಲೇ ಒಂದು ಅಂಗಡ್ಯಾಗ ಅದೇ ನಮೂನಿ ಹೂವಿನ ಡಬ್ಬಿ 1,800 ರೂಪಾಯಿ ಕೊಟ್ಟು ತಂದ್ವಿ, ಮಾರ್ಬಲ್ ಅಂದಿದ್ರು, ಈಗ ಉಗುರು ತಾಗಿದ್ರ ಬಿಳಿ ಪುಡಿ ಉದರ್ತದ. ಮೋಸ ಹೋದ್ವೇನ್ರೀ?
– ಓದುಗರೊಬ್ಬರು, ಅಕ್ಕಲಕೋಟ

ಉತ್ತರ: ಜಗಳದಾಗ ನೀವು ಗೆದ್ರಿ ಅಕ್ಕಾರ, ಡಬ್ಬಿ ವ್ಯವಹಾರದಾಗ ಸೋತ್ರಿ. ಮಾರ್ಬಲ್ ಉಗುರಿಗೆಲ್ಲ ಬಗ್ಗಂಗಿಲ್ಲ, ನಿಮ್ಮದು ಬಹುಶಃ ಬಳಪದ ಕಲ್ಲು, ಸಣ್ಣವರಿದ್ದಾಗ ಪಾಟಿ ಮ್ಯಾಲೆ ಬರೀತಿದ್ವಲ್ಲ ಅದರ ಜಾತೀದು. ನೋಡಾಕೇನ ಚಂದನ ಇರ್ತದ, ಕುಂಕುಮ ಹಾಕಿ ಇಟ್ಕೊಳ್ರಿ.

ಇನ್ನ ತಾಜಮಹಲಿನ ಹೂವಿನ ಮಾತು. ಇದಕ್ಕ ಪರ್ಚಿನ್‌ಕಾರಿ ಅಂತಾರ, ಪಚ್ಚೀಕಾರಿ ಅಂದ್ರೂ ಅದೇ. ರಾಜಸ್ಥಾನದ ಮಕರಾನಾದ ಬಿಳಿ ಮಾರ್ಬಲ್‌ಗೆ ಮೊದಲ ಕೆಂಪು ಬಣ್ಣ ಬಳೀತಾರ, ಯಾಕಂದ್ರ ಬಿಳಿ ಮ್ಯಾಲೆ ಗೀಚಿದ ಗೆರಿ ಕಣ್ಣಿಗೆ ಕಾಣಂಗಿಲ್ಲ. ಆಮ್ಯಾಲೆ ಸಣ್ಣ ಉಳಿ ತಗೊಂಡು ಎಸಳಿನ ಆಕಾರಕ್ಕ ಕುಣಿ ತೋಡ್ತಾರ, ಇತ್ಲಾಗ ಬಣ್ಣದ ಕಲ್ಲು ಹಪ್ಪಳದಂಗ ತೆಳ್ಳಗ ಕೊಯ್ದು ಸಾಣಿ ಹಿಡಿದು, ಕುಣ್ಯಾಗ ಇಟ್ಟು ನೋಡಿ, ತಗದು, ಮತ್ತ ಸಾಣಿ ಹಿಡಿದು, ಕೂದಲಷ್ಟೂ ಸಂದಿ ಉಳೀಬಾರದು ಅಲ್ಲೀತನಕ ಇದೇ ಕೆಲಸ. ಕಡೀಕ ಅಂಟು ಹಚ್ಚಿ ಮ್ಯಾಲೆ ತಿಕ್ಕತಾರ. ನಿಮ್ಮವ್ರಿಗೆ ಪೇಂಟಿಂಗ್ ಅನಿಸಿದ್ದು ತಪ್ಪೇನಲ್ಲ ಬಿಡ್ರಿ, ಒಂದೇ ಎಸಳು ಬುಡದಾಗ ಕಡು ಕೆಂಪು, ತುದೀಗೆ ತಿಳಿ ಇರ್ತದ, ಆದರ ಅದು ಕುಂಚದ ಕೆಲಸ ಅಲ್ಲ, ಆ ಕಲ್ಲಿನಾಗೇ ಇರೋ ಬಣ್ಣದ ಏರಿಳಿತ ನೋಡಿ ಆರಿಸಿ ಕೂಡಿಸಿದ್ದು. ನೀಲಿ ಕಲ್ಲು ಲಾಜವರ್ದ, ಅಫಘಾನಿಸ್ತಾನದ್ದು. ಅಕೀಕ ಅನ್ನೋ ಕೆಂಪು ಕಲ್ಲಿಗೆ ಮೊಬೈಲ್ ಟಾರ್ಚ್ ಹಿಡಿದ್ರ ಕೆಂಡದಂಗ ಹೊಳೀತದ.

ಒಂದು ಮಾತ್ರ ಗೊಂದಲ ಆಗ್ತದ. ಗ್ವಾಡಿ ಬುಡದಾಗ ಬಿಳಿ ಹೂವಿನ ಗಿಡ ಉಬ್ಬಿ ನಿಂತಾವಲ್ಲ, ಅವು ಕೂಡಿಸಿದ್ದಲ್ಲ, ಅದೇ ಕಲ್ಲಿನಾಗ ಕೆತ್ತಿದ್ದು, ಸುತ್ತಿನ ಬಣ್ಣದ ಪಟ್ಟಿ ಅಷ್ಟ ಪಚ್ಚೀಕಾರಿ.

ತಾಜ್ ಶುರು ಆಗಿದ್ದು 1632ರಾಗ. ಅದಕ್ಕೂ ಮೊದಲೇ, 1622ರಿಂದ 28ರ ಒಳಗ, ಜಹಾಂಗೀರ ಬಾದಶಾನ ಹೆಂಡ್ತಿ ನೂರ್‌ಜಹಾನ್ ತನ್ನಪ್ಪಗ ಅಲ್ಲೇ ಆಗ್ರಾದಾಗ ಇತಿಮಾದ್-ಉದ್-ದೌಲಾ ಗೋರಿ ಕಟ್ಟಿಸಿದ್ಲು, ನನ್ನ ಕೇಳಿದ್ರ ಹತ್ರ ನಿಂತು ಈ ಕೆಲಸ ನೋಡಾಕ ಅದೇ ಚಲೋ, ಗದ್ದಲ ಕಡಿಮಿ.

ಆದರ ನಮ್ಮ ಕಡಿಯವ್ರು ಇದಕ್ಕ ಆಗ್ರಾತನಕ ಯಾಕ ಹೋಗ್ತಾರೋ! ಬೀದರ ಕ್ವಾಟ್ಯಾಗ ರಂಗೀನ ಮಹಲ್ ಅದ, ಬೀದರ ಆಳಿದ ಬರೀದಶಾಹಿ ಮನೆತನದ ಅಲೀ ಬರೀದನ ಕಾಲದ್ದು, 16ನೇ ಶತಮಾನ, ಅಂದ್ರ ತಾಜ್‌ಗಿಂತ ಹಳೇದು. ಅಲ್ಲಿ ಎಲ್ಲಾ ಉಲ್ಟಾ, ಬಿಳಿ ಬದಲಿ ಕರಿಕಲ್ಲು, ಬಣ್ಣದ ಕಲ್ಲಿನ ಬದಲಿ ಮುತ್ತಿನ ಚಿಪ್ಪು. ಒಂದು ಹೆಜ್ಜಿ ಆಚೀಚಿ ಸರದ್ರ ಬಳ್ಳಿ ಒಮ್ಮೆ ಬೆಳ್ಳಗ, ಒಮ್ಮೆ ತಿಳಿ ಗುಲಾಬಿ ಕಾಣ್ತದ. ಕರೀ ಲೋಹದ ಮ್ಯಾಲೆ ಬೆಳ್ಳಿ ಕೂಡಿಸೋ ಬಿದರಿ ಸಾಮಾನೂ ಅದೇ ಊರಿಂದು, ಅದರಾಗೂ ಮೊದಲ ತೋಡೋದು ಆಮ್ಯಾಲೆ ತುಂಬೋದು. ರಂಗೀನ ಮಹಲಿಗೆ ಕೀಲಿ ಹಾಕಿರ್ತಾರ, ಕಾವಲಿನವ್ರನ್ನ ಕೇಳಿ ತಗಸ್ಕೊಳ್ರಿ, ಮನಿಯವ್ರನ್ನೂ ಕರ್ಕೊಂಡ ಹೋಗ್ರಿ.