ತೋಟದ ಪಾಲು ಬೇಡ, ನೆವ್ರಿಯ ಲೆಕ್ಕ ಬರೆಯಿರಿ

ಪ್ರಿಯರೇ,

ನಿಮ್ಮ ಕ್ರಿಸ್ಮಸ್ ನಗೆನಾಟಕ ತಲುಪಿದೆ. ಭಾಷೆ ಶುದ್ಧವಾಗಿದೆ, ಮಂಗಳೂರಿನ ಮನೆ ಕಣ್ಣಿಗೆ ಕಟ್ಟುತ್ತದೆ. ಆದರೂ ಪ್ರಕಟಿಸುತ್ತಿಲ್ಲ. ಮೊದಲ ಪುಟ ಹಿಡಿಸದಿದ್ದರೆ ಇಷ್ಟುದ್ದ ಬರೆಯುತ್ತಲೂ ಇರಲಿಲ್ಲ.

ಆ ಪುಟದಲ್ಲಿ ಮಸ್ಕತ್‌ನಿಂದ ಬಂದ ಹಿರಿಯಣ್ಣ ಒಂದು ಕಿಡಿಯೊ (ಕರಿದ ಪುಟ್ಟ ಸಿಹಿತಿಂಡಿ) ಬಾಯಿಗೆ ಹಾಕಿಕೊಂಡು, 'ಈ ಸಲ ಸ್ವಲ್ಪ ಗಟ್ಟಿ' ಎನ್ನುತ್ತಾನೆ. ಕರಿದವಳು ತಮ್ಮನ ಹೆಂಡತಿ. ತಾಯಿ ಮಾತಾಡದೆ ಡಬ್ಬಿಯ ಮುಚ್ಚಳ ಹಾಕುತ್ತಾರೆ. ಭೇಷ್! ನಾಲ್ಕನೆಯ ಪುಟದಲ್ಲಿ, ಚರ್ಚಿನಲ್ಲಿ ಮಧ್ಯರಾತ್ರಿಯ ಬಲಿಪೂಜೆ ಮುಗಿಸಿ ಬಂದು ಕೇಕ್ ಕತ್ತರಿಸುವಾಗ, ಅದೇ ಅಣ್ಣ ಹೇಳುತ್ತಾನೆ: 'ಅಪ್ಪ ತೀರಿಕೊಂಡ ಮೇಲೆ ತೋಟದ ಪಾಲಿನಲ್ಲಿ ನೀವೆಲ್ಲ ನನಗೆ ಮೋಸ ಮಾಡಿದಿರಿ.' ಇದು ವಕೀಲರ ನೋಟಿಸ್. ಹೊಡೆದುಹಾಕಿ. ತಂಗಿಯ ಉತ್ತರ: 'ನಿನಗೆ ಹಣದ್ದೇ ಚಿಂತೆ, ಅಮ್ಮನ ಒಂಟಿತನ ಅರ್ಥವಾಗಲಿಲ್ಲ.' ಅದನ್ನೂ ಹೊಡೆದುಹಾಕಿ. ತಾಯಿ ಅಲ್ಲೇ ಕುಳಿತಿದ್ದಾರೆ, ಅವರೆದುರಿಗೆ ಯಾವ ಮಗಳು 'ಒಂಟಿತನ' ಎನ್ನುತ್ತಾಳೆ? ತಮ್ಮನ ಎಂಟು ಸಾಲಿನ ಸಮಜಾಯಿಷಿಯನ್ನು ನಾನು ಪೂರ್ತಿ ಓದಲಿಲ್ಲ.

ನೆರೆಮನೆಗಳಿಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಕಳುಹಿಸುವುದನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಜಗಳ ಇರುವುದೇ ಅಲ್ಲಿ! ಯಾರ ತಟ್ಟೆಗೆ ಎಷ್ಟು ನೆವ್ರಿ (ಕರ್ಜಿಕಾಯಿಯಂಥ ತಿಂಡಿ), ಯಾರಿಗೆ ಕೇಕಿನ ನಡುವಿನ ತುಂಡು, ಗಡಿಕಲ್ಲು ಸರಿಸಿದ ಪಕ್ಕದವರಿಗೆ ಬರೀ ಚಕ್ಕುಲಿ ಸಾಕೇ? ಅಣ್ಣ ಆ ತಟ್ಟೆಗೆ ಒಂದು ನೆವ್ರಿ ಹೆಚ್ಚಿಡಲಿ, ತಮ್ಮನ ಹೆಂಡತಿ ಅದನ್ನು ತೆಗೆದು ಡಬ್ಬಿಗೆ ಹಾಕಲಿ. ತೋಟದ ವಿಷಯ ನಮಗೆ ತಾನಾಗಿ ತಿಳಿಯುತ್ತದೆ.

ಇಂಗ್ಲಿಷ್ ನಾಟಕಕಾರ ಅಲನ್ ಏಕ್‌ಬರ್ನ್ 1972ರಲ್ಲಿ ಮೂರು ಕ್ರಿಸ್ಮಸ್‌ಗಳನ್ನು ಮೂರು ಅಡುಗೆಮನೆಗಳಲ್ಲಿಟ್ಟು 'ಆಬ್ಸರ್ಡ್ ಪರ್ಸನ್ ಸಿಂಗುಲರ್' ಬರೆದರು. ಅಲ್ಲಿರುವವರು ಬಂಧುಗಳಲ್ಲ, ಪರಿಚಯದ ದಂಪತಿಗಳು. ಎರಡನೆಯ ಅಂಕದಲ್ಲಿ ಮನೆಯೊಡತಿ ಸಾಯಲು ಓವನ್ನಿನೊಳಗೆ ತಲೆಯಿಟ್ಟರೆ, ಅತಿಥಿಯೊಬ್ಬಳು ಅವಳು ಓವನ್ ತೊಳೆಯುತ್ತಿದ್ದಾಳೆಂದುಕೊಂಡು ತಾನೇ ತೊಳೆಯಲು ನಿಲ್ಲುತ್ತಾಳೆ. ಸಾಯಹೊರಟವಳು ಆ ಅಂಕದಲ್ಲಿ ಹೆಚ್ಚುಕಡಿಮೆ ಬಾಯಿಯನ್ನೇ ಬಿಡುವುದಿಲ್ಲ. ನಿಮ್ಮ ಪಾತ್ರಗಳು ಬಾಯಿ ಮುಚ್ಚುವುದೇ ಇಲ್ಲ.

ಇನ್ನೊಂದು ಸಿಟ್ಟು, '(ಎಲ್ಲರೂ ನಗುತ್ತಾರೆ)' ಎಂಬ ಸೂಚನೆ. 11 ಕಡೆ ಇದೆ. ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ಆಗ ಸೀಸದ ಅಚ್ಚುಮೊಳೆಗಳ ಕಾಲ. ನಗೆಬರಹ ಬಂದರೆ ಹಿರಿಯ ಸಂಪಾದಕರು ತಾವು ಓದುತ್ತಿರಲಿಲ್ಲ. ಮೊಳೆ ಜೋಡಿಸುವವರ ಮುಂದೆ ನನ್ನನ್ನು ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಸಂಬಳ ತಡವಾಗಿದ್ದ ಆ ಮಂದಿಯ ಕೈ ಒಂದು ಗಳಿಗೆ ನಿಂತರೆ ಬರಹ ಪಾಸು. ಬರಹದೊಳಗೆ ಯಾರಾದರೂ ನಕ್ಕರೆಂದರೆ ಸಾಕು, ಅವರು ಇನ್ನಷ್ಟು ಬಿರುಸಾಗಿ ಮೊಳೆ ಜೋಡಿಸುತ್ತಿದ್ದರು. ಎಲ್ಲೋ ಮೂಲೆಯಿಂದ ಯಾರೋ ಆಕಳಿಸುತ್ತಿದ್ದರು, ಅದೂ ತೀರ್ಪೇ.

ನಾಲ್ಕನೆಯ ಪುಟ ಹರಿದು ಹೊಸದಾಗಿ ಬರೆಯಿರಿ. ಸೆಪ್ಟೆಂಬರ್ ಒಳಗೆ ಬಂದರೆ ಡಿಸೆಂಬರ್ ಸಂಚಿಕೆಗೆ ನೋಡುತ್ತೇನೆ. ಎಲ್ಲರೂ ಬಾಲಯೇಸುವಿನ ಗೋದಲಿಯ ಮುಂದೆ ತಬ್ಬಿಕೊಂಡು ಅಳುವ ಕೊನೆಯ ಪುಟದ ಬಗ್ಗೆ ನಾನು ಏನೂ ಹೇಳಿಲ್ಲ. ಅದನ್ನು ಮತ್ತೆ ಕಳುಹಿಸಲೇಬೇಡಿ.

ಸಂಪಾದಕ