ಕನ್ನಡದಲ್ಲಿ ಮಾತನಾಡು, ಆದರೆ ಬರೆದಿಡು

ಪ್ರೀತಿಯ ತಂಗಿ,

ನೀನು ಅಕ್ಕಾ ಎಂದು ಕರೆದು ಬರೆದಿದ್ದೀಯ. ಹಾಗಾಗಿ ಬಹುವಚನ ಬಿಟ್ಟೇ ಉತ್ತರಿಸುತ್ತೇನೆ. ಪೂರ್ವ ಲಂಡನ್ನಿನ ಪ್ರೌಢಶಾಲೆಯೊಂದರ ವಿಶೇಷ ಶಿಕ್ಷಣ ವಿಭಾಗದಲ್ಲಿ ಕೆಲಸ ಸಿಗುವಂತಿದೆ, ಮುಂದೆ ಆ ವಿಭಾಗವನ್ನೇ ನಡೆಸುವ ಆಸೆಯಿದೆ ಎಂದು ತಿಳಿದು ಸಂತೋಷವಾಯಿತು. ಏಳು ಪ್ರಶ್ನೆ ಕೇಳಿದ್ದೀಯ. ಕೊನೆಯದನ್ನು ನೀನು ಸುಮ್ಮನೆ ಸೇರಿಸಿದಂತಿದೆ: "ನಮ್ಮ ಕಡೆಯ ಪೋಷಕರು ಬಂದರೆ ಕನ್ನಡದಲ್ಲಿ ಮಾತನಾಡಬಹುದೇ?" ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಸಂಬಳದ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ, ಮೊದಲ ವರ್ಷ ಒಂದು ಕೋಣೆಯಲ್ಲಿ ಸುಧಾರಿಸಿಕೊ. ಚಳಿಯ ಕೋಟನ್ನು ಅಲ್ಲಿಂದ ಹೊತ್ತು ತರಬೇಡ. ಈಸ್ಟ್ ಹ್ಯಾಮ್‌ನ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಕರಿಬೇವು ಎಲ್ಲ ಸಿಗುತ್ತವೆ. ಅಮ್ಮ ಮಾಡಿದ ಸಾರಿನ ಪುಡಿ ಮಾತ್ರ ತಾ, ಎಷ್ಟು ತಂದರೂ ಹೆಚ್ಚಾಗುವುದಿಲ್ಲ. ಅತ್ತೆಯವರನ್ನು ಕರೆಸಿಕೊಳ್ಳುವ ವಿಷಯ ಫೋನಿನಲ್ಲಿ ಮಾತನಾಡೋಣ.

ಇನ್ನು ನಿನ್ನ ಓದಿನ ವಿಷಯ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ವಿಶೇಷ ಶಿಕ್ಷಕಿಯೆಂದು ಆದ ನೋಂದಣಿ ನಿನ್ನ ಕೈಗೆ ಕಸುಬು ಕೊಟ್ಟಿದೆ, ಆದರೆ ಇಲ್ಲಿ ಅದೊಂದೇ ಸಾಲದು. ಇಂಗ್ಲೆಂಡಿನ ಮುಖ್ಯವಾಹಿನಿಯ ಶಾಲೆಗಳಲ್ಲಿ ಈ ವಿಭಾಗದ ಹೊಣೆ ಹೊತ್ತವರನ್ನು ಸೆಂಕೋ ಎನ್ನುತ್ತಾರೆ. ಸೆಂಕೋ ಆಗಲು ಇಲ್ಲಿನ ಅರ್ಹ ಶಿಕ್ಷಕರ ಮಾನ್ಯತೆ, ಅಂದರೆ ಕ್ಯು.ಟಿ.ಎಸ್. ಬೇಕೇ ಬೇಕು. 2023ರ ಫೆಬ್ರುವರಿಯಿಂದ ಭಾರತದ ಶಿಕ್ಷಕರು ಅದಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಆದರೆ ಹನ್ನೊಂದರಿಂದ ಹದಿನಾರು ವಯಸ್ಸಿನವರಿಗೆ ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಲು ತರಬೇತಿ ಪಡೆದಿರಬೇಕು. ನಿನ್ನದು ವಿಜ್ಞಾನ, ಆ ದಾರಿ ನೋಡು. 2024ರ ಸೆಪ್ಟೆಂಬರ್‌ನಿಂದ ಹೊಸದಾಗಿ ಸೆಂಕೋ ಆದವರು ಮೂರು ವರ್ಷದೊಳಗೆ ಎನ್.ಪಿ.ಕ್ಯು. ಎಂಬ ಅರ್ಹತೆಯನ್ನೂ ಪಡೆಯಬೇಕು.

ನಾನು ಬಂದದ್ದು 2004ರ ಜನವರಿಯಲ್ಲಿ. ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ಬೆಳಿಗ್ಗೆ ಏಳಕ್ಕೆ, ಶಾಲೆಗಳಿಗೆ ಬದಲಿ ಶಿಕ್ಷಕರನ್ನು ಕಳಿಸುವ ಏಜೆನ್ಸಿಯವರು ಫೋನ್ ಮಾಡಿ ಇಂಥ ಶಾಲೆಗೆ ಹೋಗು ಎನ್ನುತ್ತಿದ್ದರು, ನಕ್ಷೆ ಹಿಡಿದು ಓಡುತ್ತಿದ್ದೆ. ಮೊದಲ ತರಗತಿಯಲ್ಲಿ ನಾನು ಒಳಗೆ ಕಾಲಿಟ್ಟಾಗ ಒಂದು ಮಗುವೂ ಎದ್ದು ನಿಲ್ಲಲಿಲ್ಲ. ಅವಮಾನದಿಂದ ಮುಖ ಬಿಸಿಯಾಯಿತು. ಆಗ ಹಿಂದಿನ ಮೂಲೆ ಕಣ್ಣಿಗೆ ಬಿತ್ತು. ಹುಡುಗನೊಬ್ಬ ಮೇಜಿನ ಕೆಳಗೆ ಮುದುರಿ ಕುಳಿತಿದ್ದ. ನನ್ನ ಅಮ್ಮನ ವಯಸ್ಸಿನ ಸಹಾಯಕಿಯೊಬ್ಬರು ಅವನ ಪಕ್ಕ ನೆಲದ ಮೇಲೆ ಕುಳಿತು, ಚೀಟಿಯಲ್ಲಿ ಭಿನ್ನರಾಶಿ ಬಿಡಿಸಿ ಅವನತ್ತ ತಳ್ಳುತ್ತಿದ್ದರು. ಅವನು ಉತ್ತರ ಬರೆದು ಚೀಟಿಯನ್ನು ಹಿಂದಕ್ಕೆ ತಳ್ಳುತ್ತಿದ್ದ. ಈ ಕೆಲಸವೇ ನನ್ನದು ಎಂದು ಆ ದಿನವೇ ಅನ್ನಿಸಿತು. ಸೆಂಕೋ ಆಗಲು ಎಂಟು ವರ್ಷ ಹಿಡಿಯಿತು. ಹೊರಗಿನಿಂದ ಬಂದವಳು ಇಲ್ಲಿನವರನ್ನು ಮುನ್ನಡೆಸಬಲ್ಲಳೇ ಎಂದು ಕೇಳಿದ್ದೀಯ. ಬಲ್ಲಳು, ನಾನು ಮಾಡಿದ್ದೇನೆ. ಅಂಥ ಸಹಾಯಕಿಯರನ್ನು ಮೊದಲು ಕೇಳು. ಅವರು ಅದೇ ಬೀದಿಗಳವರು, ಯಾವ ಮಗು ಬೆಳಿಗ್ಗೆ ಹಸಿದು ಬಂದಿದೆ ಎಂದು ಅವರಿಗೆ ಗೊತ್ತಿರುತ್ತದೆ. ಆದರೆ ಒಬ್ಬ ಸಹಾಯಕಿಯನ್ನು ಒಂದೇ ಮಗುವಿಗೆ ಇಡೀ ದಿನ ಅಂಟಿಸಬೇಡ. ಹಾಗಾದರೆ ತರಗತಿಯ ಶಿಕ್ಷಕರು ಆ ಮಗು ತಮ್ಮದಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ.

ಇಂಗ್ಲಿಷ್ ಬಾರದ ಮಕ್ಕಳನ್ನು ನಮ್ಮ ಪಟ್ಟಿಗೆ, ಅಂದರೆ ವಿಶೇಷ ನೆರವು ಬೇಕಾದ ಮಕ್ಕಳ ಪಟ್ಟಿಗೆ, ಸೇರಿಸಬೇಕೇ ಎಂಬುದಕ್ಕೆ ಉತ್ತರ ಚಿಕ್ಕದು: ಅದೊಂದೇ ಕಾರಣಕ್ಕೆ ಸೇರಿಸುವಂತಿಲ್ಲ. ವಿಶೇಷ ಶಿಕ್ಷಣಕ್ಕೆ ಇಲ್ಲಿನ ಸರ್ಕಾರದ 2015ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಪೂರ್ತಿ ಓದಿಯೇ ಸಂದರ್ಶನಕ್ಕೆ ಕೂತುಕೊ. ಇನ್ನೊಂದು ವ್ಯತ್ಯಾಸವಿದೆ. ಭಾರತದಲ್ಲಿ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಇಪ್ಪತ್ತೊಂದು ಬಗೆಗಳಲ್ಲಿ ಯಾವುದೆಂದು ಪ್ರಮಾಣಪತ್ರ ಬಂದ ಮೇಲೆ ಸವಲತ್ತು. ಇಲ್ಲಿ ವೈದ್ಯರ ಚೀಟಿಗೆ ಕಾಯದೆ ಶಾಲೆಯೇ ನೆರವು ಶುರು ಮಾಡಬೇಕು: ಅಗತ್ಯ ಗುರುತಿಸು, ಯೋಜಿಸು, ಮಾಡು, ಮತ್ತೆ ಪರಿಶೀಲಿಸು. ಅಷ್ಟಕ್ಕೂ ಸಾಲದಾದಾಗ ಸ್ಥಳೀಯ ಆಡಳಿತಕ್ಕೆ ಇ.ಎಚ್.ಸಿ. ಯೋಜನೆಗಾಗಿ, ಅಂದರೆ ಮಗುವಿನ ಶಿಕ್ಷಣ, ಆರೋಗ್ಯ, ಆರೈಕೆಯ ಯೋಜನೆಗಾಗಿ, ಅರ್ಜಿ. ಅದು ಇಪ್ಪತ್ತು ವಾರಗಳಲ್ಲಿ ಮುಗಿಯಬೇಕೆಂದು ಕಾನೂನಿದೆ. ಮುಗಿಯದೆ ಅಲೆದ ತಾಯಂದಿರನ್ನು ಬಹಳ ಕಂಡಿದ್ದೇನೆ. ಶಾಲೆಯ ನೆರವಿರಲಿ, ಈ ಅರ್ಜಿಯಿರಲಿ, ತೂಕವಿರುವುದು ಒಂದಕ್ಕೇ, ತಾರೀಖು ಹಾಕಿ ಬರೆದಿಟ್ಟ ದಾಖಲೆಗೆ.

ಈಗ ನಿನ್ನ ಏಳನೆಯ ಪ್ರಶ್ನೆ.

ಮಧ್ಯ ಕರ್ನಾಟಕದಿಂದ ಬಂದ ಕುಟುಂಬವೊಂದರ ಹುಡುಗ ನಮ್ಮ ಶಾಲೆಯಲ್ಲಿದ್ದ. ಇಲ್ಲಿನ ಎಂಟನೆಯ ವರ್ಷ, ಹನ್ನೆರಡು ವಯಸ್ಸು. ಬಾಯಲ್ಲಿ ಕೇಳಿದರೆ ಉಬ್ಬರವಿಳಿತ ಹೇಗೆ ಆಗುತ್ತದೆಂದು ಕೈಯಾಡಿಸಿ ವಿವರಿಸುತ್ತಿದ್ದ. ಪುಸ್ತಕ ಕೊಟ್ಟರೆ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು, ತುಟಿ ಅಲುಗಿಸುತ್ತಾ ಓದುತ್ತಿದ್ದ. ಅವನು ಎರಡನೆಯ ಪ್ಯಾರಾ ಮುಟ್ಟುವಷ್ಟರಲ್ಲಿ ಉಳಿದವರು ಹಾಳೆ ತಿರುಗಿಸಿರುತ್ತಿದ್ದರು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು, ಇರಬಹುದು, ಪರೀಕ್ಷಿಸೋಣ ಎಂದು ತಾಯಿಯನ್ನು ಕರೆಸಿದೆ. ಆಕೆ ಕನ್ನಡ ಕೇಳಿದೊಡನೆ ಅತ್ತರು. "ಮೇಡಂ, ಆ ಪಟ್ಟಿಯಲ್ಲಿ ಇವನ ಹೆಸರು ಬೇಡ. ಊರಿನಲ್ಲಿ ಗೊತ್ತಾದರೆ ನಾಲ್ಕು ಜನ ಏನೆನ್ನುತ್ತಾರೆ? ಇವನಿಗೊಬ್ಬಳು ತಂಗಿ ಇದ್ದಾಳೆ" ಎಂದರು.

ನಮ್ಮ ಚಿಕ್ಕಪ್ಪನ ಮಗನನ್ನು ಒಂದು ಮದುವೆಮನೆಗೂ ಕರೆದೊಯ್ಯುತ್ತಿರಲಿಲ್ಲ. ಆ ತಾಯಿಯ ಭಯ ಎಲ್ಲಿಂದ ಬಂದದ್ದೆಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಆಗಲಿ ಎಂದುಬಿಟ್ಟೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನೇ ಅವನನ್ನು ಕೂರಿಸಿಕೊಂಡು ಓದಿಸಿದೆ. ಸ್ವಲ್ಪ ಹೆಚ್ಚು ಸಮಯ ಕೊಡಿ ಎಂದು ಶಿಕ್ಷಕರಿಗೆ ಬಾಯಿಮಾತಿನಲ್ಲಿ ಹೇಳಿದೆ. ಕಾಗದದ ಮೇಲೆ ಒಂದಕ್ಷರವನ್ನೂ ಇಡಲಿಲ್ಲ. ನಮ್ಮವರ ಮರ್ಯಾದೆ ಉಳಿಸಿದೆನೆಂದು ಮೂರು ವರ್ಷ ನೆಮ್ಮದಿಯಿಂದ ಇದ್ದೆ.

2018ರಲ್ಲಿ ಅವನ ಜಿ.ಸಿ.ಎಸ್.ಇ. ಪರೀಕ್ಷೆ, ನಮ್ಮ ಹತ್ತನೆಯ ತರಗತಿಯ ಪರೀಕ್ಷೆಯಂಥದ್ದು. ಹೊಸ ಪಠ್ಯ, ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಹೆಚ್ಚಿನ ವಿಷಯಗಳಲ್ಲಿ ಅಂಕವೇ ಇಲ್ಲ, ಎಲ್ಲ ಕೊನೆಯ ಪತ್ರಿಕೆಗಳ ಮೇಲೆ. ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿ ತಾಯಿ ಏಪ್ರಿಲ್‌ನಲ್ಲಿ ಓಡಿ ಬಂದರು, ಏನಾದರೂ ಮಾಡಿ ಎಂದರು. ಶೇಕಡಾ ಇಪ್ಪತ್ತೈದರಷ್ಟು ಹೆಚ್ಚುವರಿ ಸಮಯ ಕೇಳಬೇಕಾದರೆ ಅದು ಮಗುವಿನ ದಿನನಿತ್ಯದ ರೂಢಿಯೇ ಆಗಿತ್ತೆಂದು ಶಾಲೆ ಪುರಾವೆ ಕೊಡಬೇಕು. ಗಡುವು ಮುಗಿದಿತ್ತು. ಪುರಾವೆಯೂ ಇರಲಿಲ್ಲ. ನಾನು ಬಾಯಿಮಾತಿನಲ್ಲಿ ಹೇಳಿದ್ದ ಇಬ್ಬರು ಶಿಕ್ಷಕರು ಶಾಲೆ ಬಿಟ್ಟಾಗಿತ್ತು.

ಇಂಗ್ಲಿಷ್ ಪತ್ರಿಕೆ ಒಂದು ಮುಕ್ಕಾಲು ಗಂಟೆ. ಅವನಿಗೆ ಇಪ್ಪತ್ತಾರು ನಿಮಿಷ ಹೆಚ್ಚು ಸಿಗಬೇಕಿತ್ತು. ಪಕ್ಕದ ಕೋಣೆಯಲ್ಲಿ ನನ್ನ ಪಟ್ಟಿಯ ಮಕ್ಕಳು ಇನ್ನೂ ಬರೆಯುತ್ತಿದ್ದಾಗ ಅವನು ದೊಡ್ಡ ಸಭಾಂಗಣದಿಂದ ಎಲ್ಲರ ಜೊತೆ ಹೊರಬಂದ. ಅಳತೆಪಟ್ಟಿ ಕೈಯಲ್ಲೇ ಇತ್ತು. "ಮಿಸ್, ಕೊನೆಯ ಪ್ರಶ್ನೆಗೆ ಸಮಯ ಸಾಲಲಿಲ್ಲ" ಎಂದ. ನಾಲ್ಕು ಬಂದರೆ ತೇರ್ಗಡೆ, ಅವನಿಗೆ ಮೂರು ಬಂತು. ಬಯಸಿದ್ದ ಎ ಲೆವೆಲ್ ಓದು, ನಮ್ಮ ಪಿ.ಯು.ಸಿ.ಯಂಥದ್ದು, ತಪ್ಪಿತು, ಇಂಗ್ಲಿಷ್ ಮತ್ತೆ ಬರೆಯಬೇಕಾಯಿತು.

ನನ್ನನ್ನು ಹೆಚ್ಚು ಕೊರೆಯುವುದು ಬೇರೆ. ಹೆಚ್ಚುವರಿ ಸಮಯ ಪಡೆದರೆ ಅದರ ಗುರುತು ಅಂಕಪಟ್ಟಿಯ ಮೇಲೆ ಎಲ್ಲೂ ಬರುವುದಿಲ್ಲ. ಶಾಲೆಯ ಪಟ್ಟಿ ಊರಿನ ಯಾರ ಕೈಗೂ ಹೋಗುವುದಿಲ್ಲ. ಈ ಎರಡು ಮಾತನ್ನು ಆ ತಾಯಿಗೆ ಅವರದೇ ಭಾಷೆಯಲ್ಲಿ ಹೇಳಬಲ್ಲವಳು ಆ ಶಾಲೆಯಲ್ಲಿ ನಾನೊಬ್ಬಳೇ. ನನ್ನ ಕನ್ನಡವನ್ನೆಲ್ಲ ಸಮಾಧಾನ ಹೇಳುವುದಕ್ಕೆ ಖರ್ಚು ಮಾಡಿದೆ, ತಿಳಿಸಿ ಹೇಳುವುದಕ್ಕೆ ಉಳಿಸಲಿಲ್ಲ. ಫಲಿತಾಂಶದ ದಿನ ಆಕೆ ಸ್ಟೀಲ್ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ತಂದು, "ನೀವಿದ್ದದ್ದಕ್ಕೆ ಇಷ್ಟಾದರೂ ಆಯಿತು" ಎಂದು ನನ್ನ ಕೈ ಹಿಡಿದುಕೊಂಡರು. ತಪ್ಪು ನನ್ನದೆಂದು ಹೇಳಲು ಬಾಯಿ ಬರಲಿಲ್ಲ. ಆ ಡಬ್ಬಿ ಇನ್ನೂ ನನ್ನ ಅಡುಗೆಮನೆಯಲ್ಲಿದೆ. ಖಾಲಿಯಾಗಿ ಹಿಂದಿರುಗಿಸುವಂತಿಲ್ಲ, ತುಂಬಿಸಿ ಕೊಂಡೊಯ್ಯಲು ಮುಖವಿಲ್ಲ.

ಆದ್ದರಿಂದ ಕನ್ನಡದಲ್ಲಿ ಮಾತನಾಡು, ಖಂಡಿತ ಮಾತನಾಡು. ಅದೇ ಸಂಜೆ, ಮನೆಗೆ ಹೋಗುವ ಮೊದಲು, ಏನು ಮಾತಾಯಿತೆಂದು ಇಂಗ್ಲಿಷಿನಲ್ಲಿ ತಾರೀಖು ಹಾಕಿ ಮಗುವಿನ ಕಡತದಲ್ಲಿ ಬರೆ. ಪೋಷಕರು ಬೇಡವೆಂದರೆ ಅವರು ಹಾಗೆ ಹೇಳಿದರೆಂದೂ ಬರೆ, ಮುಂದಿನ ತಿಂಗಳು ಮತ್ತೆ ಕರೆಸಿ ಕೂರಿಸಿಕೊ.

ಸಂದರ್ಶನದ ದಿನ ಗೊತ್ತಾದೊಡನೆ ತಿಳಿಸು. ಭಾನುವಾರ ನಿನಗೆ ಮಧ್ಯಾಹ್ನವಾಗುವ ಹೊತ್ತಿಗೆ ಇಲ್ಲಿ ಬೆಳಗಾಗಿರುತ್ತದೆ, ಆಗ ಫೋನ್ ಮಾಡು.

ನಿನ್ನ ಅಕ್ಕ